ಸ್ಪೇಸ್‌ಬಾರ್ ಒತ್ತಿದರೆ ಮನ್ಸೂರ್

ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಅಂದ ಕೂಡಲೇ ದೇವನಹಳ್ಳಿ ಕಡೆ ಹೋಗೋ ಬಸ್ ನೆನಪಾದರೆ ತಪ್ಪೇನಿಲ್ಲ. ನಾನು ಹೇಳ್ತಿರೋದು ಆ್ಯಪಲ್ ಕಂಪನಿಯ ಪುಟ್ಟ ವೈಫೈ ರೂಟರ್ ಬಗ್ಗೆ. 2004ರಲ್ಲಿ ಮೊದಲು ಬಂದಾಗ ಗೋಡೆಯ ಸಾಕೆಟ್ಟಿಗೇ ಚುಚ್ಚುವ ಚಾರ್ಜರ್ ಥರ ಇತ್ತು. 2012ರಲ್ಲಿ ಅಂಗೈ ಅಗಲದ ಬಿಳಿ ಡಬ್ಬಿಯಾಯ್ತು. 2018ರಲ್ಲಿ ಕಂಪನಿ ರೂಟರ್ ವ್ಯಾಪಾರವನ್ನೇ ಬಿಟ್ಟಿತು. ಅಂಥದ್ದನ್ನ ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ ಅಂದಾಗ ಆಫೀಸಿನವರು ನಕ್ಕರು. ಒಂದು ಬ್ಲೂಟೂತ್ ಸ್ಪೀಕರ್ ತಗೊಂಡು ಹೋಗಿ ಕೊಡಬಾರದಾ ಅಂದರು.

ಕೊಡಬಹುದಿತ್ತು. ಆದರೆ ಶಿವಮೊಗ್ಗದ ಮನೇಲಿ ಅಪ್ಪನ ಆಂಪ್ಲಿಫೈಯರ್ ಇದೆ, ಮೊಣಕಾಲೆತ್ತರದ ಎರಡು ಮರದ ಸ್ಪೀಕರ್ ಇವೆ. ಮೇಷ್ಟರ ಸಂಬಳದಲ್ಲಿ ಕಂತು ಕಟ್ಟಿ ತಂದದ್ದು. ಮೂರು ವರ್ಷದಿಂದ ಅಪ್ಪನ ಕೈ ನಡುಗುತ್ತೆ. ಕ್ಯಾಸೆಟ್ ಆ ಸಂದಿಯೊಳಗೆ ಕೂರೋದಿಲ್ಲ, ಸಿಡಿ ಟ್ರೇ ಮೇಲೆ ನಿಲ್ಲೋದಿಲ್ಲ. "ಹಾಕ್ಲಾ?" ಅಂತ ಅಮ್ಮ ಕೇಳಿದರೆ "ಬೇಡ ಬಿಡೇ" ಅಂತಾರೆ. ಬೇಡ ಅಂತಲ್ಲ, ಇನ್ನೊಬ್ಬರನ್ನ ಕೇಳೋದಕ್ಕೆ ಸಂಕೋಚ. ಹೀಗೇ ಪಾಟೀಲನ ಹಾಗೆ ಗತ್ತಿನಿಂದ ನಿಂತಿದ್ದ ಸ್ಪೀಕರ್ ಮೇಲೆ ಒಗೆದ ಬಟ್ಟೆ ಮಡಚಿಡೋ ಅಭ್ಯಾಸ ಶುರುವಾಯ್ತು. ಫೋನಿನಲ್ಲಿ ಹಾಡು ಹಾಕಿಕೊಟ್ಟರೆ ಅಪ್ಪನಿಗೆ ಆಗಲ್ಲ: "ಮನ್ಸೂರರನ್ನ ಬೆಂಕಿಪೊಟ್ಟಣದೊಳಗೆ ಕೂರಿಸಿದ ಹಾಗಿದೆಯಲ್ಲೋ."

ಈ ಡಬ್ಬಿಯ ಹಿಂದೆ ಒಂದು 3.5 ಎಂಎಂ ಆಡಿಯೋ ಜ್ಯಾಕ್ ಇದೆ, ಒಂದು ಯುಎಸ್‌ಬಿ ಪೋರ್ಟ್ ಇದೆ. ಜ್ಯಾಕಿಗೆ ಆಂಪ್ಲಿಫೈಯರ್, ಯುಎಸ್‌ಬಿಗೆ ಪ್ರಿಂಟರ್. ಎಸ್.ಪಿ. ರೋಡಿನಲ್ಲಿ ಒಂದು ತುದಿಗೆ ಇಯರ್‌ಫೋನ್ ಪಿನ್, ಇನ್ನೊಂದಕ್ಕೆ ಕೆಂಪು-ಬಿಳಿ ಪಿನ್ ಇರೋ ವೈರ್ ಕೊಂಡೆ. ಪವರ್ ಕೇಬಲ್ ಹುಡುಕೋ ಕೆಲಸವೇ ಬರಲಿಲ್ಲ. ಹಳೇ ಟೇಪ್‌ರೆಕಾರ್ಡರಿನ ಎಂಟರ ಆಕಾರದ ವೈರೇ ಇದಕ್ಕೂ ಆಗುತ್ತೆ, ಅಮ್ಮನ ಡ್ರಾಯರಿನಲ್ಲಿ ಅಂಥವು ಮೂರಿದ್ದವು.

ಸೆಟಪ್ ವಿಷಯಕ್ಕೆ ಬರೋಣ. ಮೊದಲು ರೀಸೆಟ್ ತೂತಿಗೆ ಪಿನ್ ಹಾಕಿ ಒತ್ತಿಹಿಡಿದು ಹಿಂದಿನ ಮಾಲೀಕರ ಸೆಟ್ಟಿಂಗ್ ಅಳಿಸಿದೆ. ಹಾಲ್‌ನಲ್ಲಿರೋ ಫೈಬರ್ ರೂಟರಿನಿಂದ ಅಪ್ಪನ ರೂಮಿನವರೆಗೆ ಗೋಡೆಯಂಚಿಗೆ ಈಥರ್‌ನೆಟ್ ಕೇಬಲ್ ಎಳೆದೆ. ಆಮೇಲೆ ಫೋನಿನಲ್ಲಿ ಏರ್‌ಪೋರ್ಟ್ ಯುಟಿಲಿಟಿ ಆ್ಯಪ್. ಇಲ್ಲಿ ಗಮನ ಬೇಕಾದ್ದು ಒಂದೇ. ಮನೇಲಿ ಆಗಲೇ ಒಂದು ರೂಟರ್ ವಿಳಾಸ ಹಂಚುತ್ತಿರುತ್ತೆ. ಇದನ್ನೂ ರೂಟರ್ ಆಗಿಯೇ ಬಿಟ್ಟರೆ ಇದೂ ತನ್ನದೇ ವಿಳಾಸ ಹಂಚೋಕೆ ಕೂರುತ್ತೆ. ಒಂದೇ ಬೀದಿಗೆ ಹಳೇ ನಂಬರ್, ಹೊಸ ನಂಬರ್ ಎರಡೂ ಇದ್ದ ಹಾಗೆ. ಒಂದು ನೆಟ್‌ವರ್ಕಿನಲ್ಲಿರೋ ಲ್ಯಾಪ್‌ಟಾಪಿಗೆ ಇನ್ನೊಂದರಲ್ಲಿರೋ ಸ್ಪೀಕರ್ ಕಾಣಲ್ಲ. ಹಾಗಾಗಿ ರೂಟರ್ ಮೋಡ್ ಅನ್ನೋ ಕಡೆ 'ಬ್ರಿಡ್ಜ್' ಆರಿಸಬೇಕು. ಹಳದಿ ಮಿಣುಕು ನಿಂತು ಹಸಿರು ದೀಪ ಬಂತು ಅಂದರೆ ಆಯ್ತು. ಅದರ ವೈಫೈಯನ್ನೂ ಆಫ್ ಮಾಡಿಟ್ಟೆ, ಕೇಬಲ್ ಇರೋವಾಗ ಅದರ ಅಗತ್ಯವಿಲ್ಲ. ಉತ್ಪಾದನೆ ನಿಂತ ರೂಟರನ್ನ ಇಂಟರ್‌ನೆಟ್ಟಿನ ಬಾಗಿಲಲ್ಲಿ ಕಾವಲಿಗೆ ನಿಲ್ಲಿಸೋದು ನನಗೆ ಒಪ್ಪಿಗೆಯಿಲ್ಲ. ಒಳಮನೇಲಿ ಹಾಡು ಹೇಳಿಕೊಂಡಿರಲಿ.

ಕೊಳ್ಳೋರು ಒಂದು ನೋಡಿ: 2012ರ ಮಾಡೆಲ್ಲೇ ಆಗಬೇಕು. ಮಾರಾಟ ನಿಲ್ಲಿಸಿದ ಮೇಲೂ, 2018ರ ಆಗಸ್ಟ್‌ನಲ್ಲಿ, ಕಂಪನಿ ಅದಕ್ಕೊಂದು ಅಪ್‌ಡೇಟ್ ಕೊಟ್ಟು ಏರ್‌ಪ್ಲೇ 2 ಸೇರಿಸಿತು. ಸತ್ತ ಪ್ರಾಡಕ್ಟಿಗೆ ಹೊಸ ಫೀಚರ್ ಬರೋದನ್ನ ನಮ್ಮ ಇಂಡಸ್ಟ್ರಿಯಲ್ಲಿ ನಾನು ಕಂಡಿದ್ದು ಕಡಿಮೆ.

ಪ್ರಿಂಟರ್ ಹಳೇ ಯುಎಸ್‌ಬಿ ಲೇಸರ್. ಅಪ್ಪನ ಹತ್ತಿರ ಇರೋ ನನ್ನ ಹಳೇ ಮ್ಯಾಕ್‌ಬುಕ್ಕಿನಲ್ಲಿ ಪ್ರಿಂಟರ್ ಸೇರಿಸೋಕೆ ಹೋದರೆ ಹೆಸರು ತಾನಾಗೇ ಬಂತು, ಡ್ರೈವರ್ ಆರಿಸಿದೆ, ಮುಗೀತು. ಐಫೋನಿನಿಂದ ಮಾತ್ರ ಆಗಲ್ಲ. ಪ್ರಿಂಟರಿಗೇ ಏರ್‌ಪ್ರಿಂಟ್ ಗೊತ್ತಿರಬೇಕು, ಈ ಡಬ್ಬಿ ಅದನ್ನ ಕಲಿಸಿಕೊಡಲ್ಲ. ಸ್ಕ್ಯಾನರ್ ಇರೋ ಪ್ರಿಂಟರ್ ಆದರೂ ಇದರ ಮೂಲಕ ಸ್ಕ್ಯಾನ್ ಬರಲ್ಲ. ಅಪ್ಪನಿಗೆ ಅದೇನೂ ಬೇಕಿಲ್ಲ. ಓದಬೇಕಾದ ಲೇಖನವನ್ನ ಅಕ್ಷರ ದೊಡ್ಡದು ಮಾಡಿ ಪೇಪರ್ ಮೇಲೆ ತೆಗೆದುಕೊಳ್ಳಬೇಕು, ಅಷ್ಟೇ. ಮೊದಲು ಪೆನ್‌ಡ್ರೈವ್ ಹಿಡಿದು ಜೆರಾಕ್ಸ್ ಅಂಗಡಿಗೆ ಹೋಗ್ತಿದ್ದರು, ಅದೂ ರಸ್ತೆ ದಾಟಿ.

ಅಸಲಿ ಸಮಸ್ಯೆ ಇದ್ದದ್ದು ಕೈಯದು. ಟಚ್‌ಸ್ಕ್ರೀನ್ ಅವರ ಬೆರಳನ್ನ ನಾಲ್ಕು ಬೆರಳು ಅಂತ ತಿಳಿಯುತ್ತೆ. ಮೌಸ್ ಕೂಡ ಹಾಗೇ. ಕೀಬೋರ್ಡಿನಲ್ಲಿ ಎಲ್ಲಕ್ಕಿಂತ ಉದ್ದದ ಕೀ ಸ್ಪೇಸ್‌ಬಾರ್, ಮ್ಯೂಸಿಕ್ ಆ್ಯಪಿನಲ್ಲಿ ಅದೇ ಪ್ಲೇ, ಅದೇ ಪಾಸ್. ಅಪ್ಪನ ಇಷ್ಟದ್ದನ್ನೆಲ್ಲ ಒಂದು ಪಟ್ಟಿ ಮಾಡಿ, ಔಟ್‌ಪುಟ್ಟನ್ನ ಆಂಪ್ಲಿಫೈಯರಿಗೆ ಇಟ್ಟು, ಆ್ಯಪ್ ತೆರೆದೇ ಬಿಟ್ಟೆ. ಅಂಗೈ ಇಟ್ಟರೂ ಸಾಕು.

ಮೊದಲನೇ ಸಲ ಒತ್ತಿದಾಗ ಏನೂ ಕೇಳಲಿಲ್ಲ. ವೈಫೈ ಮೇಲೆ ಒಂದೆರಡು ಸೆಕೆಂಡ್ ತಡವಾಗುತ್ತೆ. "ಆಗಲಿಲ್ವಲ್ಲೋ" ಅನ್ನೋಷ್ಟರಲ್ಲಿ ತಂಬೂರಿ ಬಂತು, ಹಿಂದೆಯೇ ಮನ್ಸೂರರ ದನಿ. ಅಪ್ಪ ಏನೂ ಅನ್ನಲಿಲ್ಲ. ಸ್ಪೀಕರ್ ಮೇಲಿದ್ದ ಬಟ್ಟೆ ಎತ್ತಿ ಮಂಚದ ಮೇಲೆ ಹಾಕಿದರು. ಅಮ್ಮ ಒಗ್ಗರಣೆ ಅರ್ಧಕ್ಕೆ ಬಿಟ್ಟು ಬಾಗಿಲಲ್ಲಿ ನಿಂತು, "ವಾಲ್ಯೂಮ್ ಜಾಸ್ತಿಯಾಯ್ತು" ಅಂದರು. ಯಾರೂ ಕಡಿಮೆ ಮಾಡಲಿಲ್ಲ.

ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದರೆ ಎರಡೂ ಡಬ್ಬಿ ಏಳೋಕೆ ಒಂದಷ್ಟು ಹೊತ್ತು ಬೇಕು. ಹಸಿರು ದೀಪ ಬರೋವರೆಗೂ ಒತ್ತಬೇಡಿ ಅಂತ ಹೇಳಿದ್ದೆ. ಅಪ್ಪ ಅದನ್ನ ದೊಡ್ಡಕ್ಷರದಲ್ಲಿ ಟೈಪ್ ಮಾಡಿ, ಪ್ರಿಂಟ್ ತೆಗೆದು, ಗೋಡೆಗೆ ಅಂಟಿಸಿದ್ದಾರೆ. ಈಗ ಅಮ್ಮನಿಗೆ ಅಡುಗೆಮನೇಲೂ ಅದೇ ಹಾಡು ಕೇಳಬೇಕಂತೆ. ಏರ್‌ಪ್ಲೇ 2ರಲ್ಲಿ ಎರಡು ಕಡೆ ಒಟ್ಟಿಗೆ ನುಡಿಸಬಹುದು. ಇನ್ನೊಂದು ಡಬ್ಬಿ ಹುಡುಕ್ತಾ ಇದ್ದೀನಿ.