ಕಂಕುಳ ಕೂಸು

ಬಾಗಲಕೋಟೆ ಜಿಲ್ಲೆಯಲ್ಲಿ ಕೂತು ಮೈಗೆ ನೀರು ತಾಗಗೊಡದ ಚಳಿನೀರಿನ ಉಡುಪಾದ ಡ್ರೈಸೂಟ್ ಬಗ್ಗೆ ಮಾತೆತ್ತಿದರೆ ಕೇಳಿದವರು ನಗುತ್ತಾರೆ. ನಗಲಿ. ಏಪ್ರಿಲ್ ಬಂತೆಂದರೆ ಬಾದಾಮಿಯ ಬಂಡೆಯ ಮೇಲೆ ಬರಿಗಾಲಿಡಲಾಗದು. ಇಳಕಲ್ಲಿನ ಕ್ವಾರಿಯಲ್ಲಿ ಕೆಂಪು ಗ್ರಾನೈಟ್ ಒಡೆಯುವವರಿಗೆ ನೆರಳೇ ಕೂಲಿಗಿಂತ ದೊಡ್ಡದು. ಇಲ್ಲಿ ನೀರು ಕಂಡವರು ಅಂಗಿ ಬಿಚ್ಚುತ್ತಾರೆ, ತೊಡುವುದಿಲ್ಲ. ಆದರೂ ನನ್ನದೊಂದು ವಾದವಿದೆ. ಹುನಗುಂದದ ಎರೆಹೊಲದ ಬಾವಿಯಲ್ಲಿ ಸೋರೆಬುರುಡೆ ಕಟ್ಟಿಕೊಂಡು ಈಸು ಕಲಿತವರಿಗೆ, ಐದು ಡಿಗ್ರಿ ನೀರಿನಲ್ಲಿ ಎರಡು ಸಿಲಿಂಡರನ್ನು ಎರಡು ಕಂಕುಳಿಗೆ ಸಿಕ್ಕಿಸಿಕೊಂಡು ಇಳಿಯುವ ಸೈಡ್‌ಮೌಂಟ್ ಡೈವರ್‌ನ ಕಷ್ಟ ಹೇಳಿಕೊಡಬೇಕಾಗಿಲ್ಲ. ಇಬ್ಬರದೂ ಒಂದೇ ತಕರಾರು: ಮೈಗೆ ಕಟ್ಟಿಕೊಂಡ ಗಾಳಿ ಎಲ್ಲಿರಬೇಕು? ಎಷ್ಟು ಗಾಳಿ ಎಂಬ ಲೆಕ್ಕವನ್ನು ಅಂಗಡಿಯವನೂ ಹೇಳಬಲ್ಲ. ಎಲ್ಲಿ ಎಂಬುದನ್ನು ಮಾತ್ರ ಅವರವರ ಮೈಯೇ ಹೇಳಬೇಕು. ಸೈಡ್‌ಮೌಂಟ್ ಸಾಮಾನನ್ನು ಡ್ರೈಸೂಟಿಗೆ ಒಗ್ಗಿಸುವುದೆಂದರೆ ಹೆಚ್ಚಿನ ಪಾಲು ಈ ಜಾಗದ ತಕರಾರನ್ನು ಬಗೆಹರಿಸುವುದೇ.

ಬುರುಡೆಯನ್ನೇ ಮೊದಲು ನೋಡೋಣ. ಬಳ್ಳಿಯಲ್ಲೇ ಬಲಿಯಲು ಬಿಟ್ಟು ಒಣಗಿಸಿದ ಸೋರೆಕಾಯಿ ಅದು. ಅಲ್ಲಾಡಿಸಿದರೆ ಬೀಜ ಸದ್ದು ಮಾಡುವ ಹೊತ್ತಿಗೆ ಸಿಪ್ಪೆ ಗಟ್ಟಿಯಾಗಿ ನೀರನ್ನು ಒಳಗೆ ಬಿಡದಂತಾಗಿರುತ್ತದೆ. ಅದರ ಹಗ್ಗ ಎದೆಯನ್ನು ಸುತ್ತಿ, ಕಂಕುಳ ಕೆಳಗೆ ಹಾದು, ಬುರುಡೆ ಬೆನ್ನಿನ ಮೇಲ್ಭಾಗದಲ್ಲಿ ನಿಲ್ಲಬೇಕು. ಅಲ್ಲಿಂದ ಸೊಂಟಕ್ಕೆ ಜಾರಿತೋ, ಸೊಂಟ ಮೇಲೇಳುತ್ತದೆ, ತಲೆ ಕೆಳಗಾಗುತ್ತದೆ. ಕಾಯಬೇಕಾದದ್ದೇ ಮುಳುಗಿಸಲು ನಿಲ್ಲುತ್ತದೆ. ಮೆಟ್ಟಿಲ ಮೇಲೆ ನಿಂತ ದೊಡ್ಡವರು ಹುಡುಗನನ್ನು ನೀರಿಗೆ ಬಿಡುವ ಮುನ್ನ ಗಂಟನ್ನು ಎರಡು ಸಲ ಎಳೆದು ನೋಡುವುದು ಇದಕ್ಕೇ. ಬಿಗಿ ಹೆಚ್ಚಾದರೆ ಉಸಿರಾಡಲು ಆಗದು, ಕಡಿಮೆಯಾದರೆ ಬುರುಡೆ ಜಾರುತ್ತದೆ. ಸೋರೆ ಸಿಗದ ಕಡೆ ಬೆಂಡು ಬಂತು, ಎಣ್ಣೆ ಡಬ್ಬಿ ಬಂತು, ಲಾರಿಯ ಟ್ಯೂಬು ಬಂತು, ಈಗ ಪ್ಲಾಸ್ಟಿಕ್ ಕ್ಯಾನು ಬಂದಿದೆ. ಸಾಮಾನು ಬದಲಾಯಿತು, ಕಟ್ಟುವ ಜಾಗ ಬದಲಾಗಲಿಲ್ಲ. ಕೈಕಾಲು ಪಳಗಿದ ಮೇಲೆ ಎರಡು ಡಬ್ಬಿಯಲ್ಲಿ ಒಂದನ್ನು ಕಳಚುತ್ತಾರೆ; ಆಗ ಮೈ ಒಂದು ಮಗ್ಗುಲಿಗೆ ವಾಲುವುದರಿಂದ ಉಳಿದ ಡಬ್ಬಿಯನ್ನು ಬೆನ್ನ ನಡುವಿಗೆ ಸರಿಸುತ್ತಾರೆ. ಒಂದನ್ನು ತೆಗೆದರೆ ಇನ್ನೊಂದರ ಜಾಗವನ್ನೂ ಹೊಸದಾಗಿ ಗೊತ್ತುಮಾಡಬೇಕೆಂಬ ಈ ನಿಯಮ ಮುಂದೆ ನಮಗೆ ಬೇಕಾಗುತ್ತದೆ.

ಇಷ್ಟು ಹೇಳಿದ ಕೂಡಲೇ ಒಬ್ಬರು ಎದ್ದು, ಎಲ್ಲವನ್ನೂ ನಮ್ಮ ಹಿರಿಯರೇ ಕಂಡುಹಿಡಿದಿದ್ದರು ಎನ್ನುವ ಹಳೆಯ ರಾಗ ತೆಗೆದಿರಾ ಎಂದು ಕೇಳಬಹುದು. ಇಲ್ಲ. ಸೈಡ್‌ಮೌಂಟ್ ಹುಟ್ಟಿದ್ದು ಇಂಗ್ಲೆಂಡಿನ ಸೋಮರ್‌ಸೆಟ್ ಸೀಮೆಯ ಮೆಂಡಿಪ್ ಗುಡ್ಡಗಳ ಗುಹೆಗಳಲ್ಲಿ. ಅಲ್ಲಿನವರು ಯಾರೂ ಹುನಗುಂದದ ಬಾವಿ ನೋಡಿ ಹೋದವರಲ್ಲ. ಅವರಿಗೆ ನೀರೇ ಮುಖ್ಯವಾಗಿರಲಿಲ್ಲ. ಒಣಗುಹೆಯೊಳಗೆ ತೆವಳುತ್ತಾ ಹೋಗುವಾಗ ನಡುವೆ ದಾರಿ ನೀರಲ್ಲಿ ಮುಳುಗಿರುತ್ತಿತ್ತು. ಆಚೆಯ ಒಣದಾರಿ ಸೇರಲು ಆ ತುಣುಕನ್ನು ದಾಟಬೇಕಿತ್ತು. ಬೆನ್ನಿಗೆ ಸಿಲಿಂಡರ್ ಹೊತ್ತರೆ ಇಕ್ಕಟ್ಟಿನ ಬಿಲದಲ್ಲಿ ಮೈ ತೂರುವುದಿಲ್ಲ. ಹಾಗಾಗಿ 1960ರ ದಶಕದಲ್ಲಿ ಅವರು ದಪ್ಪ ಬೆಲ್ಟಿಗೆ ಸಿಲಿಂಡರನ್ನು ಸೊಂಟದ ಮಗ್ಗುಲಲ್ಲಿ ಬಿಗಿದರು. ನೀರು ಕೊಂಚ ದೂರ, ಕೊಂಚ ಆಳ. ಅದರಲ್ಲಿ ತೇಲುವ ನಾಜೂಕು ಯಾರಿಗೂ ಬೇಕಿರಲಿಲ್ಲ. ಇದೇ ಪದ್ಧತಿ 1970ರ ದಶಕದಲ್ಲಿ ಅಮೆರಿಕದ ಫ್ಲಾರಿಡಾಕ್ಕೆ ಹೋಯಿತು. ಅಲ್ಲಿಯ ಗುಹೆಗಳು ಮೈಲಿಗಟ್ಟಲೆ ನೀರಿನೊಳಗೇ ಇದ್ದವು, ಆಳವೂ ಇತ್ತು. ಸೊಂಟದಲ್ಲಿ ನೇತಾಡುವ ಸಿಲಿಂಡರ್ ಕಾಲನ್ನು ಕೆಳಗೆಳೆಯಿತು. ಅವರು ಅದನ್ನು ಕಂಕುಳಿಗೆ ಏರಿಸಿ, ಕತ್ತನ್ನು ರಬ್ಬರ್ ಹುರಿಯಿಂದ ಹಿಡಿಸಿ, ಬೆನ್ನಿಗೆ ಗಾಳಿಚೀಲ ಸೇರಿಸಿದರು. 1990ರ ದಶಕದ ನಡುವಿನವರೆಗೂ ಇದೆಲ್ಲ ಮನೆಯಲ್ಲೇ ಹೊಲಿದು, ಕತ್ತರಿಸಿ, ಕಟ್ಟಿಕೊಂಡ ಸಾಮಾನೇ. ಅಂಗಡಿಗೆ ಬಂದದ್ದು ಆಮೇಲೆ. ಎರಡು ದೇಶದ ಈ ಕತೆಯಲ್ಲಿ ಸಿಲಿಂಡರ್ ಅದೇ. ಸೊಂಟದಿಂದ ಕಂಕುಳಿಗೆ ಒಂದೂವರೆ ಗೇಣು ಮೇಲೆ ಸರಿದದ್ದೇ ಇಡೀ ಸುಧಾರಣೆ. ಬುರುಡೆ ಸೈಡ್‌ಮೌಂಟಿನ ಅಜ್ಜನೆಂದು ನಾನು ಹೇಳುತ್ತಿಲ್ಲ. ಬಂಧುಗಳಲ್ಲದ ಇಬ್ಬರು ಒಂದೇ ನೀರಿಗೆ ತಲೆಬಾಗಿದರು, ಅಷ್ಟೇ.

ಡ್ರೈಸೂಟಿನ ಹಿನ್ನೆಲೆ ಇನ್ನೂ ಹಳೆಯದು. ಬೆನ್ನಿಗೆ ಸಿಲಿಂಡರ್ ಹೊತ್ತು ಉಸಿರಾಡುವ ಇಂದಿನ ಬಗೆಯ ಸ್ಕೂಬಾ ಫ್ರಾನ್ಸಿನಲ್ಲಿ ಕೂಸ್ಟೋ ಮತ್ತು ಗಾನ್ಯಾನ್ ಅವರಿಂದ 1943ರಲ್ಲಿ ಬಂತು. ಅದಕ್ಕಿಂತ ನೂರು ವರ್ಷ ಮೊದಲೇ, 1830ರ ದಶಕದಲ್ಲಿ, ಆಗಸ್ಟಸ್ ಸೀಬೆ ಲಂಡನ್ನಿನಲ್ಲಿ ತಾಮ್ರದ ಶಿರಸ್ತ್ರಾಣಕ್ಕೆ ನೀರು ಹೋಗದ ಉಡುಪನ್ನು ಜೋಡಿಸಿದ್ದ. ಆ ಉಡುಪಿನ ಜೊತೆಗೆ ಸೀಸದ ಅಡಿಯ ಬೂಟುಗಳಿದ್ದವು, ಒಂದೊಂದೂ ಏಳೆಂಟು ಕಿಲೋ. ಅವು ಮುಳುಗಿಸಲಷ್ಟೇ ಇದ್ದವಲ್ಲ. ಉಡುಪಿನೊಳಗಿನ ಗಾಳಿ ಕಾಲಿಗೆ ನುಗ್ಗಿದರೆ ಮನುಷ್ಯ ತಲೆಕೆಳಗಾಗಿ ಮೇಲಕ್ಕೆ ಚಿಮ್ಮುತ್ತಾನೆ. ಅದನ್ನು ತಡೆಯಲು ಕಾಲಿಗೇ ತೂಕ ಬೇಕಿತ್ತು. ನೀರನ್ನು ಹೊರಗಿಟ್ಟವರು ಗಾಳಿಯನ್ನು ಒಳಗಿಟ್ಟುಕೊಳ್ಳಲೇಬೇಕು, ಗಾಳಿ ಒಳಗಿದ್ದರೆ ಭಾರ ಹೇರಲೇಬೇಕು. ಇದಕ್ಕೆ ಹುನಗುಂದ ತಾಲ್ಲೂಕಿನಲ್ಲೇ ಕಲ್ಲಿನಂಥ ಸಾಕ್ಷಿಯಿದೆ. ನಾರಾಯಣಪುರದ ಬಸವಸಾಗರದ ಹಿನ್ನೀರು ಕೃಷ್ಣಾ ಮಲಪ್ರಭೆಯರ ಸಂಗಮವನ್ನು ಆವರಿಸಿದಾಗ ಕೂಡಲಸಂಗಮದ ಐಕ್ಯ ಮಂಟಪವನ್ನು ಎತ್ತಿ ಬೇರೆಡೆ ಇಡಲಿಲ್ಲ. ಸುತ್ತ ಬಾವಿಯ ಹಾಗೆ ಗೋಡೆ ಎಬ್ಬಿಸಿ ಅಲ್ಲೇ ಉಳಿಸಿಕೊಂಡರು. ಹೊರಗೆ ನದಿ ನಿಂತಿರುವಾಗ ಭಕ್ತರು ಒಣಮೆಟ್ಟಿಲಿಳಿದು ಕೆಳಗೆ ಹೋಗುತ್ತಾರೆ. ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ನವನಗರಕ್ಕೆ ಎದ್ದುಹೋದವು. ಮಂಟಪ ಮಾತ್ರ ಕೂತಲ್ಲೇ ಗೋಡೆ ತೊಟ್ಟಿತು. ನೀರಿನ ನಡುವೆ ಗಾಳಿ ತುಂಬಿ ನಿಂತ ಯಾವ ಕಟ್ಟಡವನ್ನಾದರೂ ನೀರು ಕೆಳಗಿನಿಂದ ಎತ್ತಲು ನೋಡುತ್ತದೆ. ಅಲ್ಲಿ ಗೋಡೆಯ ಭಾರ ಉತ್ತರ ಕೊಡುತ್ತದೆ, ಡೈವರ್‌ನಲ್ಲಿ ಸೀಸ ಕೊಡುತ್ತದೆ.

ಈಗ ಸೈಡ್‌ಮೌಂಟೂ ಡ್ರೈಸೂಟೂ ಒಂದೇ ಮೈಯಲ್ಲಿ ಕೂಡಿದಾಗ ಆಗುವ ಜಗಳ ನೋಡಿ. ನೀರನ್ನು ಒಳಗೆ ಬಿಡುವ ವೆಟ್‌ಸೂಟ್ ಹಾಕಿದ ಸೈಡ್‌ಮೌಂಟ್ ಡೈವರ್‌ಗೆ ನಿಭಾಯಿಸಬೇಕಾದ ಗಾಳಿಗುಳ್ಳೆ ಒಂದೇ, ಬೆನ್ನ ಕೆಳಭಾಗದ ಚೀಲದಲ್ಲಿ. ಡ್ರೈಸೂಟ್ ತೊಟ್ಟರೆ ಇನ್ನೊಂದು ಗುಳ್ಳೆ ಮೈತುಂಬ ಓಡಾಡುತ್ತದೆ. ತಲೆ ಎತ್ತಿದರೆ ಹೆಗಲಿಗೆ, ತಗ್ಗಿಸಿದರೆ ಪಾದಕ್ಕೆ. ಅದನ್ನು ಹೊರಬಿಡುವ ವಾಲ್ವ್ ಸಾಮಾನ್ಯವಾಗಿ ಎಡಗೈಯ ಹೊರಮಗ್ಗುಲಲ್ಲಿ, ಹೆಗಲಿಗೆ ಸಮೀಪ ಇರುತ್ತದೆ. ಸೈಡ್‌ಮೌಂಟಿನ ರಬ್ಬರ್ ಹುರಿಯೂ ಬೆನ್ನಿಂದ ಹೊರಟು ಅದೇ ಹೆಗಲ ಕೆಳಗೆ, ಕಂಕುಳ ಮುಂದೆ ಬಂದು ಎಡ ಸಿಲಿಂಡರಿನ ಕತ್ತನ್ನು ಹಿಡಿಯುತ್ತದೆ. ಹುರಿ ಒಂದೆರಡು ಬೆರಳು ಮೇಲೆ ಬಂದರೂ ಸೂಟಿನ ಬಟ್ಟೆಯನ್ನು ಅಲ್ಲೇ ಮಡಿಸಿ ಗಾಳಿಯ ದಾರಿ ಕಟ್ಟುತ್ತದೆ. ಏರುತ್ತಿರುವ ಡೈವರ್ ಎಡಹೆಗಲನ್ನು ಎತ್ತುತ್ತಾನೆ, ವಾಲ್ವಿನಿಂದ ಗುಳ್ಳೆ ಹೊರಡುವುದಿಲ್ಲ. ಹತ್ತು ಮೀಟರ್ ಆಳದ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಎರಡರಷ್ಟಾಗುತ್ತದೆ, ಸೂಟು ಅವನನ್ನು ಅವನ ಅಪ್ಪಣೆಯಿಲ್ಲದೆ ಎತ್ತಿಕೊಂಡು ಹೋಗುತ್ತದೆ. ಶ್ವಾಸಕೋಶ ಹರಿಯುವ, ರಕ್ತದಲ್ಲಿ ಗುಳ್ಳೆ ಕಟ್ಟುವ ಅಪಾಯವಿರುವುದು ಇಂಥ ಓಟದಲ್ಲೇ. ಪರಿಹಾರ ದುಬಾರಿಯದಲ್ಲ: ಹುರಿಯ ಉದ್ದವನ್ನು ಸೂಟಿನೊಳಗೆ ಬೆಚ್ಚಗಿರಲು ತೊಡುವ ಒಳಬಟ್ಟೆಯ ದಪ್ಪ ಸೇರಿಸಿ ಹೊಸದಾಗಿ ಅಳೆಯುವುದು, ಹೆಗಲಪಟ್ಟಿಯನ್ನು ಕತ್ತಿನ ಕಡೆಗೆ ಸರಿಸುವುದು. ಎದೆಯ ನಡುವಿರುವ ಗಾಳಿ ತುಂಬುವ ಗುಂಡಿಯ ಮೇಲೂ ಯಾವ ಪಟ್ಟಿಯೂ ಹಾಯಬಾರದು. ಸೂಟಿಗೆ ಗಾಳಿ ಕೊಡುವ ಕೊಳವೆಯನ್ನು ಬಲ ಸಿಲಿಂಡರಿಗೂ ಬೆನ್ನಚೀಲದ ಕೊಳವೆಯನ್ನು ಎಡಕ್ಕೂ ಕೊಡುವುದು ವಾಡಿಕೆ. ಒಂದನ್ನು ಮುಚ್ಚಬೇಕಾಗಿ ಬಂದರೂ ತೇಲಲು ಇನ್ನೊಂದರ ಆಸರೆ ಉಳಿಯುತ್ತದೆ.

ತೂಕದ ಪ್ರಶ್ನೆಯೂ ಜಾಗದ ಪ್ರಶ್ನೆಯೇ. ದಪ್ಪ ಒಳಬಟ್ಟೆ ಹಿಡಿದಿಟ್ಟ ಗಾಳಿಗೆ ಸೀಸ ಹೆಚ್ಚು ಬೇಕು. ಬೆನ್ನಿಗೆ ಸಿಲಿಂಡರ್ ಹೊರುವವರಿಗೆ ಸಿಲಿಂಡರನ್ನು ಬಿಗಿಯುವ ಉಕ್ಕಿನ ತಗಡೇ ಒಂದಷ್ಟು ಭಾರ ಕೊಡುತ್ತದೆ; ಸೈಡ್‌ಮೌಂಟಿನಲ್ಲಿ ಆ ತಗಡಿಲ್ಲ. ಸೀಸವನ್ನೆಲ್ಲ ಸೊಂಟಕ್ಕೆ ಬಿಗಿದರೆ ಕಾಲು ಇಳಿಯುತ್ತದೆ. ಅದಕ್ಕೇ ಬೆನ್ನುಹುರಿಯ ಉದ್ದಕ್ಕೂ ಸಣ್ಣ ಸಣ್ಣ ಗಂಟಾಗಿ ಹಂಚುತ್ತಾರೆ. ಇನ್ನು ಸಿಲಿಂಡರಿನ ಲೋಹ. ಹನ್ನೊಂದು ಲೀಟರಿನ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ತುಂಬಿದ ಗಾಳಿಯೇ ಎರಡೂವರೆ ಕಿಲೋ ದಾಟುತ್ತದೆ. ಅಷ್ಟೂ ಗಾಳಿ ಉಸಿರಾಗಿ ಹೋದ ಮೇಲೆ ಅಲ್ಯೂಮಿನಿಯಂ ಸಿಲಿಂಡರಿನ ಬುಡ ಮೇಲೆದ್ದು ಬಾಲ ಎತ್ತುತ್ತದೆ; ಉಕ್ಕಿನದು ಕೆಳಗೇ ಜೋತಿರುತ್ತದೆ. ಅಲ್ಯೂಮಿನಿಯಂ ಕಟ್ಟಿದವರು ಮುಳುಗಿದ್ದಾಗಲೇ ಬುಡದ ಕೊಂಡಿಯನ್ನು ಸೊಂಟದ ಪಟ್ಟಿಯ ಹಿಂದಿನ ಬಳೆಯಿಂದ ಬಿಚ್ಚಿ ಮುಂದಿನ ಬಳೆಗೆ ಹಾಕುತ್ತಾರೆ. ಡಬ್ಬಿ ಕಳಚಿದಾಗ ಉಳಿದದ್ದನ್ನು ಸರಿಸುವ ಬಾವಿಯ ನಿಯಮವೇ ಇದು. ಡ್ರೈಸೂಟಿಗೆ ಉಕ್ಕು ವಾಸಿ; ಸಿಲಿಂಡರೇ ಸೀಸದ ಒಂದು ಪಾಲನ್ನು ಹೊತ್ತುಕೊಳ್ಳುತ್ತದೆ. ಆದರೆ ಉಕ್ಕಿನ ಸಿಲಿಂಡರಿಗೆ ಕೊಂಡಿ ಸಿಕ್ಕಿಸುವ ಜಾಗ ಹಿಂದಕ್ಕೆ, ಪೃಷ್ಠದ ಮೇಲಿನ ಪಟ್ಟಿಗೆ ಹೋಗಬೇಕಾಗುತ್ತದೆ. ದಪ್ಪ ಕೈಗವಸಿನ ಬೆರಳಿಗೆ ಅಲ್ಲಿ ಬಳೆ ಸಿಗಬೇಕಾದರೆ ಬಳೆಯೂ ಕೊಂಡಿಯೂ ದೊಡ್ಡವಿರಬೇಕು.

ಬುರುಡೆಯ ಮಾತು ಇಲ್ಲಿಗೇ ಮುರಿಯುತ್ತದೆ ಎಂದು ಜಾಣರು ಹೇಳಿಯಾರು: ಬುರುಡೆ ಗಟ್ಟಿ, ಸೂಟು ಮೆತ್ತಗೆ. ನಿಜ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ನಿಮ್ರೂದ್ ಅರಮನೆಯ ಕೆತ್ತನೆಗಳಲ್ಲಿ, ಅಂದರೆ ಕ್ರಿ.ಪೂ. 9ನೇ ಶತಮಾನದಲ್ಲೇ, ಉಬ್ಬಿಸಿದ ತೊಗಲಚೀಲ ತಬ್ಬಿಕೊಂಡು ಹೊಳೆ ದಾಟುವವರಿದ್ದಾರೆ. ಅವರ ಚೀಲವನ್ನು ಆಳಕ್ಕೆ ಒಯ್ದರೆ ಸೊರಗುತ್ತಿತ್ತು, ಬುರುಡೆ ಒಡೆಯುವತನಕ ಸೊರಗುತ್ತಿರಲಿಲ್ಲ. ಡ್ರೈಸೂಟ್ ತೊಗಲಿನ ಪಂಗಡದ್ದು. ಹಾಗಿರುವುದರಿಂದಲೇ ಜಾಗದ ನಿಯಮ ಅದಕ್ಕೆ ಇನ್ನೂ ಕಟ್ಟುನಿಟ್ಟು: ಬುರುಡೆಯನ್ನು ದಡದಲ್ಲಿ ಒಮ್ಮೆ ಸರಿಯಾಗಿ ಕಟ್ಟಿದರೆ ಆಯಿತು, ಸೂಟಿನ ಗಾಳಿಯನ್ನು ಪ್ರತಿ ಮೀಟರಿಗೂ ವಿಚಾರಿಸಿಕೊಳ್ಳಬೇಕು. ಈ ಕಾರಣಕ್ಕೆ ಕೆಲವರು ಬೆನ್ನಚೀಲವನ್ನು ಮರೆತು ಸೂಟಿನಿಂದಲೇ ತೇಲುತ್ತಾರೆ, ಎರಡು ಗುಳ್ಳೆಗಿಂತ ಒಂದು ಸುಲಭ ಎನ್ನುತ್ತಾರೆ. ಸಿಲಿಂಡರ್ ಹಗುರವಾಗಿದ್ದರೆ ಅವರ ಮಾತು ನಡೆಯುತ್ತದೆ. ಉಕ್ಕಿನ ಜೋಡಿ ಕಟ್ಟಿದವರು ಅಷ್ಟೂ ಭಾರವನ್ನು ಸೂಟಿನ ಗಾಳಿಯಿಂದ ಎತ್ತಹೊರಟರೆ, ಓಡಾಡುವ ಗುಳ್ಳೆಯೇ ದೊಡ್ಡದಾಗುತ್ತದೆ. ಸೂಟಿಗೆ ಬೆಚ್ಚಗಿಡುವ ಕೆಲಸ, ಚೀಲಕ್ಕೆ ತೇಲಿಸುವ ಕೆಲಸ ಎಂದು ಹಂಚುವುದೇ ಮೇಲು. ಮೈಗೆ ಬಟ್ಟೆ ಕಚ್ಚದಷ್ಟು, ಚಳಿ ತಟ್ಟದಷ್ಟು ಗಾಳಿ ಮಾತ್ರ ಸೂಟಿನಲ್ಲಿರಲಿ.

ಇಷ್ಟೆಲ್ಲ ತಾಪತ್ರಯ ಏಕೆ, ಬೆನ್ನಿಗೆ ಹೊತ್ತರೆ ಮುಗಿಯಿತಲ್ಲ ಎಂಬ ಆಕ್ಷೇಪವೇ ಎಲ್ಲಕ್ಕಿಂತ ಬಲವಾದದ್ದು. ಬೆನ್ನ ಮೇಲಿನ ಜೋಡಿ ಸಿಲಿಂಡರಿಗೆ ನಡುವೆ ಕೊಳವೆಯಿದ್ದು, ಗಾಳಿಯ ಒತ್ತಡ ಇಳಿಸಿ ಬಾಯಿಗೆ ಕೊಡುವ ರೆಗ್ಯುಲೇಟರ್ ಒಂದು ಕೆಟ್ಟರೂ ಎರಡರ ಗಾಳಿಯೂ ಸಿಗುತ್ತದೆ. ಸೈಡ್‌ಮೌಂಟಿನಲ್ಲಿ ಎರಡೂ ಬೇರೆ ಬೇರೆ. ಒಂದಿಷ್ಟು ಇದರಿಂದ, ಒಂದಿಷ್ಟು ಅದರಿಂದ ಉಸಿರಾಡುತ್ತಾ ಸಮ ಮಾಡಿಕೊಂಡು ಹೋಗಬೇಕು. ಆದರೆ ಚಳಿನೀರಿಗೆ ತನ್ನದೇ ಒಂದು ಕುಚೋದ್ಯವಿದೆ. 200 ಬಾರ್ ಒತ್ತಡದ ಗಾಳಿ ರೆಗ್ಯುಲೇಟರಿನಲ್ಲಿ ಒಮ್ಮೆಲೇ ಹಿಗ್ಗುವಾಗ ತಣ್ಣಗಾಗುತ್ತದೆ. ಹೊರಗಿನ ನೀರು ನಾಲ್ಕೈದು ಡಿಗ್ರಿಯಿದ್ದರೆ ಅಲ್ಲಿ ಮಂಜುಗಟ್ಟಿ ವಾಲ್ವ್ ತೆರೆದಂತೆಯೇ ಸಿಕ್ಕಿಕೊಳ್ಳುತ್ತದೆ, ಗಾಳಿ ಭೋರೆಂದು ಹರಿದುಹೋಗುತ್ತದೆ. ಆ ಗಳಿಗೆಯಲ್ಲಿ ತಕ್ಷಣ ಸಿಲಿಂಡರನ್ನು ಮುಚ್ಚಬೇಕು. ದಪ್ಪ ಬಟ್ಟೆ, ದಪ್ಪ ಕೈಗವಸು ತೊಟ್ಟು ತಲೆಯ ಹಿಂದಿನ ತಿರುಪನ್ನು ಕಾಣದೆ ತಡಕುವುದು ಎಲ್ಲರಿಗೂ ಆಗದು. ಸೈಡ್‌ಮೌಂಟಿನ ತಿರುಪು ಕಂಕುಳಲ್ಲೇ, ಕಣ್ಣೆದುರೇ ಇರುತ್ತದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಳೆಂಬ ಗಾದೆ ಇಲ್ಲಿ ತಿರುಗುಮುರುಗಾಗಿದೆ: ಕೂಸು ಕಂಕುಳಲ್ಲಿದ್ದರೆ ಹುಡುಕುವ ಪ್ರಮೇಯವೇ ಇಲ್ಲ. ದಂಡೆಯಲ್ಲಿ ನಡೆಯುವಾಗ, ದೋಣಿ ಹತ್ತುವಾಗ ಸೈಡ್‌ಮೌಂಟ್ ತೊಡಕು ನಿಜ. ನೀರೊಳಗೆ ಕೆಟ್ಟ ಗಳಿಗೆ ಬಂದಾಗ ಅದು ಕೈಗೆಟುಕುತ್ತದೆ.

ಕೊನೆಯ ಆಕ್ಷೇಪ ನಮ್ಮೂರಿನದೇ: ಇದೆಲ್ಲ ನಮಗೇಕೆ? ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿ ಮುಳುಗುವವರಿಗೆ ತೆಳು ವೆಟ್‌ಸೂಟೇ ಸಾಕು. ಆದರೆ ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ವೇಗವಾಗಿ ಮೈಯ ಕಾವು ಕಸಿಯುತ್ತದೆ. ಡಿಸೆಂಬರಿನಲ್ಲಿ ಬಾವಿಯಿಂದ ತುಟಿ ನೀಲಿಯಾಗಿ ಹತ್ತಿಬರುವ ಹುಡುಗರೇ ಇದಕ್ಕೆ ಸಾಕ್ಷಿ. ಇಂಗ್ಲೆಂಡಿನ ಲೆಸ್ಟರ್‌ಶೈರಿನಲ್ಲಿ ಸ್ಟೋನಿ ಕೋವ್ ಎಂಬ ಹಳೆಯ ಗ್ರಾನೈಟ್ ಕ್ವಾರಿಯಿದೆ. ಕಲ್ಲು ತೆಗೆದ ಗುಂಡಿಗೆ ನೀರು ತುಂಬಿ, ಇಂದು ಅಲ್ಲಿ ನೂರಾರು ಜನ ಡ್ರೈಸೂಟ್ ಕಲಿಯುತ್ತಾರೆ. ನಮ್ಮಲ್ಲಿ ಬಾವಿ ಬತ್ತಿವೆ, ಈಸು ಕಲಿಸುವ ಅಣ್ಣಂದಿರು ಕಡಿಮೆಯಾಗಿದ್ದಾರೆ, ಹಿನ್ನೀರು ಮಾತ್ರ ಊರಿನ ಅಂಚಿಗೇ ಬಂದು ನಿಂತಿದೆ. ಇಂಥ ಹೊತ್ತಿನಲ್ಲಿ ಬುರುಡೆಯ ಬುದ್ಧಿಯನ್ನು ಹುಡುಗಾಟವೆಂದು ತಳ್ಳುವುದು ದುಬಾರಿಯಾದೀತು. ಚಳಿದೇಶದಲ್ಲಿ ನೆಲೆಸಿದ ಕನ್ನಡಿಗರು ಯಾರಾದರೂ ಸೈಡ್‌ಮೌಂಟ್ ಕಟ್ಟಿ ಡ್ರೈಸೂಟಿಗಿಳಿಯುವುದಾದರೆ, ಕಲಿಸುವವರನ್ನು ಪಕ್ಕದಲ್ಲಿಟ್ಟುಕೊಂಡು ಎದೆಮಟ್ಟದ ನೀರಿನಲ್ಲಿ ಮೊದಲು ಅಲುಗದೆ ಒಂದು ನಿಮಿಷ ಬೋರಲಾಗಿ ಮಲಗಿ ನೋಡಲಿ. ಕಾಲಿಳಿದರೆ ಸೀಸ ಮೇಲಕ್ಕೆ, ತಲೆಯಿಳಿದರೆ ಕೆಳಕ್ಕೆ, ಮಗ್ಗುಲಾದರೆ ಹುರಿಯ ಗಂಟಿಗೆ ಕೈಹಾಕಲಿ. ಆಮೇಲೂ ಸರಿಹೋಗದಿದ್ದರೆ ಹೊಸ ಸಾಮಾನು ಕೊಳ್ಳಲಿ. ಬಹಳ ಮಂದಿ ಇದನ್ನು ತಿರುವುಮುರುವಾಗಿ ಮಾಡುತ್ತಾರೆ. ಅಂಗಡಿಯವರು ಬದುಕಿರುವುದು ಹಾಗೆ.