ಎತ್ತಿಟ್ಟ ಬೇವು

ಹೈದರಾಬಾದಿನಿಂದ ಕಲಬುರಗಿಗೆ ಹೋಗುವುದನ್ನು ನಾನು ಪ್ರಯಾಣ ಅಂತ ಎಣಿಸಿದವನೇ ಅಲ್ಲ. ಮಧ್ಯಾಹ್ನ ಹುಸೇನ್ ಸಾಗರ್ ಗಾಡಿ ಹತ್ತಿದರೆ ವಿಕಾರಾಬಾದಿನ ಗುಡ್ಡ ದಾಟಿ, ತಾಂಡೂರಿನ ಕಲ್ಲಿನ ರಾಶಿ ದಾಟಿ, ಸೇಡಂ ಬರುವಷ್ಟರಲ್ಲಿ ಡಬ್ಬಿಯ ಮಾತೇ ಬದಲಾಗಿರುತ್ತದೆ. ತೆಲುಗು ತೆಳುವಾಗಿ 'ಹೌದ್ರೀ', 'ಇಲ್ರೀ' ಕೇಳತೊಡಗುತ್ತವೆ. ರಾತ್ರಿ ಊಟಕ್ಕೆ ಅವ್ವನ ಎದುರು ಕೂತಿರುತ್ತೇನೆ.

2020ರ ಯುಗಾದಿ ಮಾರ್ಚ್ 25, ಬುಧವಾರ. ಮಂಗಳವಾರದ ಟಿಕೆಟ್ ಜನವರಿಯಲ್ಲೇ ತೆಗೆದಿದ್ದೆ. ಅವ್ವನಿಗೆ ಎಪ್ಪತ್ತೆಂಟು. ಹಿಂದಿನ ವರ್ಷ ಕೆಲಸದ ನೆಪದಲ್ಲಿ ಹೋಗಿರಲಿಲ್ಲ, ಈ ಸಲ ತಪ್ಪಿಸುವುದಿಲ್ಲ ಅಂತ ಮಾತು ಕೊಟ್ಟಿದ್ದೆ. ಅವಳಿಗೊಂದು ಇಳಕಲ್ಲ ಸೀರೆ ತಂದು ಚೀಲದ ತಳಕ್ಕೆ ಇಟ್ಟಾಗಿತ್ತು.

ಆ ತಿಂಗಳ 12ಕ್ಕೆ ಸುದ್ದಿ ಬಂತು. ಕೊರೊನಾದಿಂದ ದೇಶದ ಮೊದಲ ಸಾವು ನಮ್ಮ ಕಲಬುರಗಿಯದು. ಸೌದಿಯಿಂದ ಮರಳಿದ್ದ ಹಿರಿಯರೊಬ್ಬರನ್ನು ಚಿಕಿತ್ಸೆಗೆ ಹೈದರಾಬಾದಿಗೆ ತಂದಿದ್ದರು. ತಿರುಗಿ ಊರಿಗೆ ಒಯ್ಯುವಾಗ, 10ರ ರಾತ್ರಿ ದಾರಿಯಲ್ಲೇ ಜೀವ ಹೋಗಿತ್ತು. ದೊಡ್ಡ ಕಾಯಿಲೆಯೆಂದರೆ ನಮ್ಮ ಕಡೆಯವರು ಹೈದರಾಬಾದಿನ ದಾರಿ ಹಿಡಿಯುವುದು ನಿಜಾಮರ ಕಾಲದ ರೂಢಿ. ಅಪ್ಪನನ್ನೂ ಹಾಗೆಯೇ ತಂದಿದ್ದೆವು. ಜಗತ್ತನ್ನೆಲ್ಲ ಸುತ್ತಿ ಬಂದ ರೋಗ ನಮ್ಮಲ್ಲಿ ಮೊದಲು ತುಳಿದದ್ದು ನಾನು ಓಡಾಡುವ ದಾರಿಯನ್ನೇ. ಪತ್ರಿಕೆ ಮಡಚಿಟ್ಟು ಅವ್ವನಿಗೆ ಫೋನ್ ಮಾಡಿದೆ. "ನೀ ಬರೋದು ಬರ್ತಿ ಹೌದಿಲ್ಲೋ?" ಅಂದಳು. ಹೌದು ಅಂದೆ.

22ರ ಭಾನುವಾರ ಜನತಾ ಕರ್ಫ್ಯೂ. ಅಂದೇ ರೈಲುಗಳೆಲ್ಲ ರದ್ದಾದವು. ಸಂಜೆಗೆ ತೆಲಂಗಾಣ ಬಾಗಿಲು ಹಾಕಿತು. ಎರಡು ದಿನ ಬಿಟ್ಟು ಇಡೀ ದೇಶ. ಟಿಕೆಟ್ಟಿನ ಪೂರ್ತಿ ಹಣ ಖಾತೆಗೆ ಮರಳಿದೆ ಎಂಬ ಸಂದೇಶ ಬಂದಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಯಾರ ಮೇಲೆ? ಬೈಯೋಣವೆಂದರೆ ಎದುರಿಗೆ ಯಾರೂ ಇರಲಿಲ್ಲ. ತಡವಾಗಿ ಬರುವ ಗಾಡಿಯನ್ನಾದರೂ ಬೈಯಬಹುದು, ಬಾರದೇ ಇರುವ ಗಾಡಿಯನ್ನು ಏನೆಂದು ಬೈಯುವುದು?

ಯುಗಾದಿಯ ಬೆಳಿಗ್ಗೆ ಪಕ್ಕದ ಮನೆಯ ತೆಲುಗು ಅಮ್ಮ ಹೊಸ್ತಿಲ ಮೇಲೆ ಪಚ್ಚಡಿಯ ಬಟ್ಟಲಿಟ್ಟು, ಬಾಗಿಲು ತಟ್ಟಿ ದೂರ ನಿಂತರು. ಬೇವಿನ ಹೂವು, ಹುಣಸೆ, ಮಾವು, ಬೆಲ್ಲ, ಉಪ್ಪು, ಖಾರ, ಆರೂ ರುಚಿ ಅದರಲ್ಲಿದ್ದವು. ಪ್ರೀತಿಯಿಂದ ಕೊಟ್ಟದ್ದು, ತಿಂದೆ. ನಮ್ಮನೆಯ ಬೇವಿನಲ್ಲಿ ಪುಟಾಣಿ ಹಿಟ್ಟಿರುತ್ತದೆ, ಒಣದ್ರಾಕ್ಷಿ ಇರುತ್ತದೆ. ಆ ಒಂದು ಬಟ್ಟಲು ಸುಮಾರು ಇನ್ನೂರಿಪ್ಪತ್ತು ಕಿಲೋಮೀಟರ್ ಆಚೆ ಇತ್ತು.

ಆ ದೂರವನ್ನು ಮೊದಲ ಸಲ ಲೆಕ್ಕ ಹಾಕಿದ್ದು ಆಗಲೇ. ವಾಡಿಗೆ ನಿಜಾಮರ ರೈಲು ಬಂದದ್ದು 1874ರಲ್ಲಿ. ಅಜ್ಜ ಅದೇ ಹಳಿಯ ಮೇಲೆ ಉಸ್ಮಾನಿಯಾದಲ್ಲಿ ಓದಲು ಹೋಗಿಬರುತ್ತಿದ್ದ. ಅವನಿಗೆ ನಡುವೆ ಗಡಿಯೇ ಇರಲಿಲ್ಲ. ಗಡಿ ಹುಟ್ಟಿದ್ದು 1956ರ ನವೆಂಬರ್ 1ಕ್ಕೆ. ಹುಟ್ಟಿದ ಮೇಲೂ ಅದು ನಮಗೆ ಬರೀ ಬೋರ್ಡಿನ ಮೇಲಿನ ಅಕ್ಷರವಾಗಿತ್ತು. ಜಹೀರಾಬಾದಿನಾಚೆ ಅದಕ್ಕೆ ಬ್ಯಾರಿಕೇಡು, ಪೊಲೀಸರು, ಪಾಸು ಬಂದದ್ದನ್ನು ಟಿ.ವಿ.ಯಲ್ಲಿ ನೋಡುತ್ತ ಕೂತೆ.

ನಾನಿರುವುದು ಲಿಂಗಂಪಲ್ಲಿ ನಿಲ್ದಾಣದ ಹತ್ತಿರ. ಗಾಡಿಗಳ ಸದ್ದಿಗೆ ನಿದ್ದೆ ಒಗ್ಗಿತ್ತು. ಸದ್ದು ನಿಂತ ಮೇಲೆ ನಡುರಾತ್ರಿ ಎಚ್ಚರವಾಗುತ್ತಿತ್ತು. ಮೇ 1ರ ನಸುಕಿಗೆ ಅಲ್ಲಿಂದಲೇ ಒಂದು ಗಾಡಿ ಹೊರಟಿತು. ಕಂದಿಯ ಐಐಟಿ ಕಟ್ಟಡಗಳ ಕೆಲಸಕ್ಕೆ ಬಂದು ಸಿಕ್ಕಿಬಿದ್ದಿದ್ದ ಸುಮಾರು 1,200 ಕಾರ್ಮಿಕರನ್ನು ಜಾರ್ಖಂಡಿನ ಹಟಿಯಾಕ್ಕೆ ಒಯ್ದ ಗಾಡಿ, ಲಾಕ್‌ಡೌನಿನಲ್ಲಿ ದೇಶದ ಮೊದಲ ಶ್ರಮಿಕ ರೈಲು. ಊರಿಗೆ ಕಳಿಸಿರೆಂದು ಅವರು ಎರಡು ದಿನದ ಹಿಂದಷ್ಟೇ ಬೀದಿಗಿಳಿದು ಕೂಗಿದ್ದರು. ಕೂಲಿಯಿಲ್ಲ, ಮುಂದಿನ ಊಟದ ಖಾತ್ರಿಯಿಲ್ಲ. ಅವರ ಮುಂದೆ ನನ್ನ ಹಬ್ಬದ ದುಃಖ ಎಷ್ಟರದ್ದು ಎಂದು ನಾಚಿಕೆಯಾಯಿತು. ಆದರೆ ದುಃಖ ಕರಗಲಿಲ್ಲ. ಅವರು ಕೂಗಿ ಕೇಳಿದ್ದೂ ಮನೆಯನ್ನೇ. ಎಪ್ಪತ್ತೆಂಟರ ಅವ್ವನಿಗೆ ಇನ್ನೆಷ್ಟು ಯುಗಾದಿ ಎಂದು ಎಣಿಸುವವನ ಸಂಕಟ ಸಣ್ಣದೆಂದು ಒಪ್ಪಲು ನನ್ನಿಂದ ಇಂದಿಗೂ ಆಗಿಲ್ಲ.

ಜೂನ್, ಜುಲೈ ಹಾಗೇ ಹೋದವು. ಪಾಸು ಪಡೆದು ಹೋಗಬಹುದಿತ್ತು. ಆದರೆ ಹೋದರೆ ಹದಿನಾಲ್ಕು ದಿನ ಮನೆಯಲ್ಲೇ ಬೇರೆ ಇರಬೇಕು. ಎರಡು ಕೋಣೆಯ ಮನೆಯಲ್ಲಿ ಅವ್ವನಿಂದ ಬೇರೆ ಇರುವುದು ಹೇಗೆ? ನಾನೇ ರೋಗ ಹೊತ್ತು ಹೋದರೆ? ಪ್ರತಿ ಭಾನುವಾರ ಹೊರಡುವ ಮಾತಾಡಿ, ಸೋಮವಾರ ಕೈಬಿಡುತ್ತಿದ್ದೆ.

ಆಗಸ್ಟ್ ಕೊನೆಗೆ ಕರ್ನಾಟಕ ಆ ನಿಯಮಗಳನ್ನು ತೆಗೆಯಿತು. ಗಣೇಶ ಚೌತಿ ಆಗಲೇ ಮುಗಿದಿತ್ತು. ಗೆಳೆಯನ ಕಾರು ಕೇಳಿಕೊಂಡು ಹುಮನಾಬಾದಿನ ಮೇಲೆ ಹೋದೆ. ಮಳೆ ಬಂದು ತೊಗರಿ ಹೊಲಗಳು ಹಸಿರಾಗಿದ್ದವು. ಬಾಗಿಲಲ್ಲಿ ಅವ್ವ ಸೆರಗನ್ನು ಮೂಗಿಗೆ ಸುತ್ತಿಕೊಂಡು ನಿಂತಿದ್ದಳು. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಕಟ್ಟೆಯ ಮೇಲೊಂದು ಬಟ್ಟಲಿತ್ತು. ಚೈತ್ರದಲ್ಲಿ ಬೇವಿನ ಹೂ ನೆರಳಿಗೆ ಒಣಗಿಸಿ, ಡಬ್ಬಿಯಲ್ಲಿ ಎತ್ತಿಟ್ಟಿದ್ದಳಂತೆ.

"ಮೊದಲ ಬೇವು ಕುಡಿ," ಅಂದಳು, "ಆಮ್ಯಾಲ ಒಳಗ ಬಾ."