ಎಡ–ಬಲ

ಮೋಟಾರು ಗಾಡಿಯ ವಿಷಯವಾಗಿ ಬರೆಯಲು ಕಲಾ ಕಾಲೇಜಿನ ವಿದ್ಯಾರ್ಥಿಗೆ ಏನು ಅಧಿಕಾರವೆಂದು ಕೆಲವರು ಕೇಳಬಹುದು. ಅಧಿಕಾರವೇನೂ ಇಲ್ಲ. ಎರಡು ದಿನ ಸ್ಪ್ಯಾನರು ಹಿಡಿದು ಕೈ ಮಸಿ ಮಾಡಿಕೊಂಡೆ, ನಡುವೆ ಒಂದು ಸುಳ್ಳು ಹೇಳಿದೆ. ನನ್ನ ಬಂಡವಾಳ ಇಷ್ಟೇ.

ಅಕ್ಕನ ಬಾಣಂತನಕ್ಕೆಂದು ಅಮ್ಮ ಕ್ಯಾಲಿಫೋರ್ನಿಯದ ಸ್ಯಾನ್ ಹೊಸೆಗೆ ಹೊರಟಾಗ, ಇಂಗ್ಲಿಷು ಬಾರದ ಅವಳ ಜೊತೆಗೆ ಒಬ್ಬರು ಬೇಕಾಯಿತು. ಪರೀಕ್ಷೆ ಮುಗಿಸಿ ಸುಮ್ಮನೆ ಕುಳಿತಿದ್ದ ನಾನು ಸಿಕ್ಕಿದೆ. ಹೋದ ಮೇಲೆ ತಿಳಿಯಿತು, ಆ ಮನೆಯಲ್ಲಿ ಕೂಸುಗಳು ಎರಡು: ಒಂದು ತೊಟ್ಟಿಲಲ್ಲಿ, ಇನ್ನೊಂದು ಗ್ಯಾರೇಜಿನಲ್ಲಿ. ಎರಡನೆಯದು 1971ರ ಡಾಟ್ಸನ್ 240–ಜೆಡ್. ಜಪಾನಿನ ನಿಸ್ಸಾನ್ ಕಂಪನಿ 1969ರಲ್ಲಿ ಹೊರತಂದ, ಉದ್ದ ಮೂತಿಯ, ಇಬ್ಬರಿಗೆ ಮಾತ್ರ ಎಡೆಯುಳ್ಳ ಗಾಡಿ. ಸಾಲಾಗಿ ನಿಂತ ಆರು ಸಿಲಿಂಡರುಗಳ 2.4 ಲೀಟರ್ ಎಂಜಿನ್ನು. ರಾತ್ರಿ ಕೂಸು ಅತ್ತರೆ ಅಕ್ಕ ಏಳುತ್ತಿದ್ದಳು. ಗ್ಯಾರೇಜಿನಲ್ಲಿ ಸದ್ದಾದರೆ ಭಾವನವರು ಏಳುತ್ತಿದ್ದರು.

"ಇದಕ್ಕೆ ಓಡುವುದು ಗೊತ್ತು, ನಿಲ್ಲುವುದು ಅಷ್ಟಾಗಿ ಗೊತ್ತಿಲ್ಲ" ಎಂದು ಅವರೇ ಹೇಳುತ್ತಿದ್ದರು. ಊರಿನ ಪೂರ್ವಕ್ಕೆ ಹ್ಯಾಮಿಲ್ಟನ್ ಬೆಟ್ಟವಿದೆ. ಅದರ ನೆತ್ತಿಯ ಮೇಲೆ, ಸುಮಾರು 1,280 ಮೀಟರ್ ಎತ್ತರದಲ್ಲಿ, ಲಿಕ್ ವೀಕ್ಷಣಾಲಯ. ಕುದುರೆ ಗಾಡಿಗಳಿಗೆಂದು 1876ರಲ್ಲಿ ಮಾಡಿದ ಬೆಟ್ಟದ ರಸ್ತೆಗೆ ನೂರಾರು ತಿರುವುಗಳು. ಹಿಂದಿನ ವರ್ಷ ಅಲ್ಲಿಂದ ಇಳಿಯುವಾಗ ಸುಟ್ಟ ವಾಸನೆ ಬಂದು, ಬ್ರೇಕಿನ ಪೆಡಲು ಬೆಣ್ಣೆಯ ಹಾಗೆ ಮೆತ್ತಗಾಯಿತಂತೆ. ಆಗ ಪಕ್ಕದಲ್ಲಿ ಅಕ್ಕನೂ ಇದ್ದಳು.

ಈ ಗಾಡಿಯ ಹಿಂದಿನ ಚಕ್ರಗಳಿಗೆ ಡ್ರಮ್ಮು, ಮುಂದಿನವಕ್ಕೆ ಡಿಸ್ಕು. ಡಿಸ್ಕ್ ಬ್ರೇಕಿನ ಕೀರ್ತಿ ಹಬ್ಬಿದ್ದು 1953ರಲ್ಲಿ, ಅದನ್ನು ತೊಟ್ಟ ಜಾಗ್ವಾರ್ ಫ್ರಾನ್ಸಿನ ಲೆ ಮಾನ್ ಪಂದ್ಯವನ್ನು ಗೆದ್ದಾಗ. ಚಕ್ರದೊಡನೆ ತಿರುಗುವ ಕಬ್ಬಿಣದ ತಟ್ಟೆಯನ್ನು ಎರಡು ಕಡೆಯಿಂದಲೂ ಅದುಮಿ ಹಿಡಿಯುವ ಸಾಧನವೇ ಕ್ಯಾಲಿಪರು. ಅಮ್ಮ ಅದನ್ನು ನೋಡಿದೊಡನೆಯೇ "ಇಕ್ಕಳ" ಎಂದಳು. ಇಷ್ಟು ಚೆನ್ನಾಗಿ ನಾನೂ ಹೇಳಲಾರೆ. ಅದುಮಿದಾಗ ಗಾಡಿಯ ವೇಗವೆಲ್ಲ ಶಾಖವಾಗುತ್ತದೆ. ಗಾಡಿಯೂ ಇಬ್ಬರು ಮನುಷ್ಯರೂ ಸೇರಿ 1,200 ಕಿಲೋ ಎಂದಿಟ್ಟುಕೊಳ್ಳಿ. ಅಷ್ಟು ಭಾರ 1,100 ಮೀಟರ್ ಇಳಿದರೆ ಹುಟ್ಟುವ ಶಾಖದಲ್ಲಿ 35–40 ಲೀಟರ್ ತಣ್ಣೀರು ಕುದಿದೀತು. ಬಾಣಂತಿಗೆ ಒಂದು ಹಂಡೆ ಸ್ನಾನದ ನೀರು! ಅದರಲ್ಲಿ ಕೆಲವು ಪಾಲನ್ನು ಎಂಜಿನ್ನೂ ಗಾಳಿಯೂ ಹಂಚಿಕೊಳ್ಳುತ್ತವೆ. ಮಿಕ್ಕುದೆಲ್ಲ ಬ್ರೇಕಿನ ಪಾಲಿಗೆ.

ಹಳೆಯ ಕ್ಯಾಲಿಪರಿನಲ್ಲಿ ಪಿಸ್ಟನ್ನುಗಳು ಎರಡು. 1980ರ ಆಸುಪಾಸಿನ ಟೊಯೋಟಾ ಸಾಮಾನು ಗಾಡಿಯ, ಅಂದರೆ ನಾಲ್ಕು ಚಕ್ರವೂ ಎಳೆಯುವ ಜಾತಿಯದರ, ಕ್ಯಾಲಿಪರಿನಲ್ಲಿ ನಾಲ್ಕು. ಸೋಜಿಗವೆಂದರೆ, ಬೇರೊಂದು ಕಂಪನಿಯ ಆ ಒರಟು ಗಾಡಿಯ ವಸ್ತು ಈ ನಾಜೂಕಿನ ಗಾಡಿಗೆ ಹೆಚ್ಚು ತಕರಾರಿಲ್ಲದೆ ಕೂರುತ್ತದೆ. ಧೂಳು ತಡೆಯುವ ತಗಡನ್ನು ಸ್ವಲ್ಪ ಕತ್ತರಿಸಿದರೆ ಸಾಕು. ಈ ಗಾಡಿಯ ಭಕ್ತರು ಬಹಳ ವರ್ಷಗಳಿಂದ ಹಾಗೆ ಮಾಡುತ್ತ ಬಂದಿದ್ದಾರೆ. ಆದರೆ ತಟ್ಟೆ ಹಳೆಯದೇ ಆದಮೇಲೆ ಅದು ನುಂಗುವ ಶಾಖ ಹೆಚ್ಚುವುದು ಹೇಗೆ? ಟೈರಿನ ಹಿಡಿತಕ್ಕಿಂತ ಹೆಚ್ಚಿನ ಬ್ರೇಕು ಯಾರಿಗೆ ಬೇಕು? ಮುಂದಿನ ಹಿಡಿತ ಮಾತ್ರ ಹೆಚ್ಚಿದರೆ ಹಿಂದಿನ ಚಕ್ರಗಳು ಸೋಮಾರಿಗಳಾಗವೆ? ಕೇಳಿದೆ. ಭಾವನವರು ನಕ್ಕು, "ನಿನಗೆ ತರ್ಕಶಾಸ್ತ್ರ ಹೇಳಿಕೊಟ್ಟವರು ಯಾರು?" ಎಂದರು. ಉತ್ತರ ಕೊಡಲಿಲ್ಲ.

ಶನಿವಾರ ಕೆಲಸಕ್ಕೆ ತೊಡಗಿದೆವು. ಹಳೆಯವನ್ನು ಬಿಚ್ಚುವಷ್ಟರಲ್ಲಿ ಒಳಗೆ ಕೂಸು ಕಿರುಚಿತು, ಭಾವನವರು ಓಡಿದರು. ಅವರು ಬರುವಷ್ಟರಲ್ಲಿ ಹೊಸವೆರಡನ್ನೂ ಕೂಡಿಸಿ ಬೆರಗುಗೊಳಿಸಬೇಕೆಂಬ ಚಪಲ ನನ್ನದು. ಬೋಲ್ಟು ಎರಡೆರಡೇ, ಸಲೀಸಾಗಿ ಕೂತವು. ದ್ರವ ತರುವ ಲೋಹದ ನಳಿಗೆ ಮಾತ್ರ ಎಟುಕಲಿಲ್ಲ, ಬಾಗಿಸಿ ಎಟುಕಿಸಿದೆ. ಎಟುಕದ ವಸ್ತು ಏನನ್ನೋ ಹೇಳುತ್ತಿದೆಯೆಂದು ಆಗ ತೋಚಲಿಲ್ಲ.

ಆಮೇಲೆ ಕೊಳವೆಯ ಗಾಳಿ ತೆಗೆಯುವ ಕೆಲಸ. ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಒಳಗೆ ಗಾಳಿಯಿದ್ದರೆ ಕಾಲಿನ ಒತ್ತಡ ಅದನ್ನು ಕುಗ್ಗಿಸುವುದರಲ್ಲೇ ತೀರಿಹೋಗುತ್ತದೆ. ನಾನು ಒಳಗೆ ಕುಳಿತು ಪೆಡಲು ಒತ್ತಬೇಕು. ಭಾವನವರು ಕ್ಯಾಲಿಪರಿನ ತಿರುಪು ಸಡಿಲಿಸಿ, ಮತ್ತೆ ಬಿಗಿಯಬೇಕು. "ಒತ್ತು", "ಹಿಡಿ", "ಬಿಡು". ಒಂದು ಗಂಟೆ ಇದೇ ಮಂತ್ರ. ಗುಳ್ಳೆ ನಿಂತಿತು, ಪೆಡಲಿನ ಮೆತುವು ನಿಲ್ಲಲಿಲ್ಲ. ಎರಡು ಸಲ ಒತ್ತಿದರೆ ಮೂರನೆಯ ಸಲ ಗಟ್ಟಿಯೆನ್ನಿಸುತ್ತಿತ್ತು. "ಹೇಗಿದೆ?" ಎಂದರು ಭಾವನವರು. ರಾತ್ರಿಯೆಲ್ಲ ನಿದ್ದೆಗೆಟ್ಟ ಮುಖ. ನನಗೂ ಹಸಿವು. "ಗಟ್ಟಿಯಾಗಿದೆ" ಎಂದುಬಿಟ್ಟೆ.

ಆ ಮಾತನ್ನು ನಂಬಿ ಅಮ್ಮ ಆರತಿ ತಟ್ಟೆ, ನಿಂಬೆಹಣ್ಣು ತಂದಳು. ಗಾಡಿಯಲ್ಲಿ ಮೊದಲು ಅವಳನ್ನೇ ಲಿವರ್‌ಮೋರಿನ ದೇವಸ್ಥಾನಕ್ಕೆ ಕರೆದೊಯ್ಯುವುದೆಂದು ಮಾತಾಗಿತ್ತು. ಚಕ್ರಕ್ಕೆ ನಿಂಬೆಹಣ್ಣಿಟ್ಟು ಪಕ್ಕಕ್ಕೆ ಸರಿದಳು. ಭಾವನವರು ಗಾಡಿಯನ್ನು ಹಿಂದಕ್ಕೆ ಬಿಟ್ಟರು. ಬೀದಿಯ ಕಡೆಗೆ ಇಳಿಜಾರು. ಪೆಡಲು ಒತ್ತಿದರು. ಅದು ನೆಲದವರೆಗೂ ಹೋಯಿತು. ಹಿಂದಿನ ಚಕ್ರಗಳಿಗೆ ತಂತಿಯಿಂದ ಕಟ್ಟಿದ ಕೈಬ್ರೇಕನ್ನು ಎಳೆಯದಿದ್ದರೆ ಏನಾಗುತ್ತಿತ್ತೋ! ಗಾಡಿ ಕಸದ ಡಬ್ಬಿಯನ್ನು ನೂಕಿ ನಿಂತಿತು. ಡಬ್ಬಿ ಉರುಳಿ ಬಿದ್ದದ್ದು ಅಮ್ಮನ ಕಾಲಿಗೆ ಒಂದು ಗೇಣು ದೂರದಲ್ಲಿ. ಆರತಿ ಆರಿಹೋಗಿತ್ತು.

ಯಾರೂ ಮಾತಾಡಲಿಲ್ಲ. ಸುಳ್ಳು ಹೇಳಿದ್ದನ್ನು ಆ ರಾತ್ರಿ ಭಾವನವರಿಗೆ ತಿಳಿಸಿದೆ. "ಗೊತ್ತು" ಎಂದರು, ಅಷ್ಟೆ. ಬೈದಿದ್ದರೆ ಹಗುರವಾಗುತ್ತಿತ್ತು.

ಬೆಳಿಗ್ಗೆ ಚಕ್ರ ಕಳಚಿ ನೋಡಿದಾಗ ಗುಟ್ಟು ಹೊರಬಿತ್ತು. ಎಡದ ಕ್ಯಾಲಿಪರನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಕೂಡಿಸಿದ್ದೆ! ಕನ್ನಡಿಯ ಬಿಂಬದಂತೆ ಇರುವ ಎರಡು. ಆದರೆ ಅದಲುಬದಲಾದರೆ ಗಾಳಿ ಬಿಡುವ ತಿರುಪು ಮೇಲಿರುವ ಬದಲು ಕೆಳಗೆ ಬರುತ್ತದೆ. ಗಾಳಿ ಮೇಲಕ್ಕೇರುವ ವಸ್ತು; ಕೆಳಗಿನ ಬಾಗಿಲಿನಿಂದ ಅದು ಹೊರಟೀತೆ? ಮೇಲಿನ ಮೂಲೆಯಲ್ಲಿ ಹಾಯಾಗಿ ಕುಳಿತಿತ್ತು. ಬಾಗಿಸಿದ ನಳಿಗೆಗಳ ಬದಲು ಹೊಸವು, ಹೊಸ ದ್ರವ, ತಿರುಪು ಮೇಲಕ್ಕೆ. ಕಾಫಿ ಬಣ್ಣದ ಹಳೆಯ ದ್ರವವನ್ನು ಭಾವನವರು ಬಾಟಲಿಯಲ್ಲಿ ಹಿಡಿದು ತೋರಿಸಿದರು. ಅದು ಬರಬರುತ್ತ ನೀರು ಹೀರಿಕೊಂಡು ಬೇಗನೆ ಕುದಿಯುತ್ತದೆಯಂತೆ. ಕುದಿದಾಗ ಹುಟ್ಟುವ ಹಬೆಯೂ ಗಾಳಿಯ ಹಾಗೆಯೇ ಕುಗ್ಗುತ್ತದೆ. "ಹ್ಯಾಮಿಲ್ಟನ್ ಬೆಟ್ಟದಲ್ಲಿ ನನಗೆ ಕೈಕೊಟ್ಟದ್ದು ಪಿಸ್ಟನ್ನುಗಳಲ್ಲ, ಪ್ರಾಯಶಃ ಇದೇ" ಎಂದರು. ನನ್ನ ತರ್ಕಕ್ಕೆ ಅದೇ ಉತ್ತರವಿರಬೇಕು.

ಅಮ್ಮ ಹೊಸ ನಿಂಬೆಹಣ್ಣು ಹಿಡಿದು ಬಂದಳು. ಈ ಸಲ ಭಾವನವರನ್ನು ಕೇಳಲಿಲ್ಲ. ನನ್ನ ಮುಖ ನೋಡಿ, "ಗಟ್ಟಿಯಾಗಿದೆಯೇನೋ?" ಎಂದಳು.

"ಸ್ವಲ್ಪ ಇರಮ್ಮ" ಎಂದು ಒಳಗೆ ಕುಳಿತು ಮತ್ತೊಮ್ಮೆ ಪೆಡಲು ಒತ್ತಿದೆ.